ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ನೆ ಕೂತುಕೊಳ್ಳಿ

ಮನೆಯಲ್ಲಿ ಬಿಪಿ ಮೆಷಿನ್ ಇದ್ದವರು ಅದನ್ನು ಕಪಾಟಿನಿಂದ ಹೊರಗೆ ತೆಗೆಯುವುದು ಯಾವಾಗ? ತಲೆ ತಿರುಗಿದಾಗ, ಮಗನ ಹತ್ತಿರ ಮಾತಿಗೆ ಮಾತು ಬೆಳೆದಾಗ, ಇಲ್ಲದಿದ್ದರೆ ನೆಂಟರಲ್ಲಿ ಯಾರಿಗಾದರೂ ಸ್ಟ್ರೋಕ್ ಆಯಿತು ಅಂತ ಫೋನ್ ಬಂದಾಗ. ಆ ಹೊತ್ತಿನಲ್ಲಿ ಬಂದ ನಂಬರು ಆ ಹೊತ್ತಿನ ಗಾಬರಿಯನ್ನು ಹೇಳುತ್ತದೆ, ಅಷ್ಟೇ. ನಿಮ್ಮ ಬಿಪಿ ಎಷ್ಟು ಅಂತ ಗೊತ್ತಾಗಬೇಕಾದರೆ ಏನೂ ವಿಶೇಷ ಇಲ್ಲದ ದಿನ ನೋಡಬೇಕು. ಒಂದು ವಾರ ಬಿಡದೆ ನೋಡಬೇಕು. ನೋಡುವ ಕ್ರಮ ದಿನವೂ ಒಂದೇ ಆಗಿರಬೇಕು.

ನಾನು ಮಂಗಳೂರಿನಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಈಗ ಉಡುಪಿ ಕಡೆಯ ಶಿರ್ವದಲ್ಲಿದ್ದೇನೆ. ಊರಿನವರಿಗೆ ನನ್ನ ಹೆಸರು ಬೇಕಾಗಿಲ್ಲ, ಎಲ್ಲರಿಗೂ ನಾನು ಸಿಸ್ಟರಕ್ಕ. ಸಂಜೆ ಸಿಟೌಟಿನಲ್ಲಿ ಕೂತರೆ ಯಾರಾದರೂ ಗೇಟು ತೆಗೆದು ಬರುತ್ತಾರೆ. "ಸಿಸ್ಟರಕ್ಕ, ಒಮ್ಮೆ ಪ್ರೆಶರ್ ನೋಡ್ತೀರಾ?" ನೋಡುತ್ತೇನೆ, ಆದರೆ ಬಂದ ಕೂಡಲೇ ಅಲ್ಲ. ಅದಕ್ಕೇ ಕೆಲವರಿಗೆ ನನ್ನ ಮೇಲೆ ಬೇಜಾರು.

ಮೊನ್ನೆ ಒಬ್ಬರು ಅಜ್ಜ ಬಸ್ಸಿಳಿದು ಗುಡ್ಡೆ ಹತ್ತಿ ಬಂದರು. ಏದುಸಿರು ಇನ್ನೂ ಇಳಿದಿರಲಿಲ್ಲ. ಬೇಡ ಅಂದರೂ ಕೈ ಚಾಚಿ ಕೂತರು. ನೋಡಿದರೆ 168/94. ಮುಖ ಸಣ್ಣದಾಯಿತು. "ಅಜ್ಜ, ಇನ್ನು ಸ್ವಲ್ಪ ಹೊತ್ತು ಮಾತಾಡದೆ ಕೂರಿ" ಅಂತ ಹೇಳಿ ನಾನು ಒಳಗೆ ಹೋಗಿ ಪಾತ್ರೆ ತೊಳೆದು ಬಂದೆ. ಆಮೇಲೆ ನೋಡಿದರೆ 142/84. ಮೆಷಿನ್ ಅದೇ, ಕೈ ಅದೇ, ಮಾತ್ರೆ ಏನೂ ಕೊಟ್ಟಿಲ್ಲ. ಮೊದಲಿನ ನಂಬರು ಹಿಡಿದುಕೊಂಡು ಯಾರಾದರೂ ಅವರ ಮಾತ್ರೆ ಜಾಸ್ತಿ ಮಾಡಿದ್ದರೆ ಏನಾಗುತ್ತಿತ್ತು? ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬೀಳುತ್ತಿದ್ದರೋ ಏನೋ.

ಮೆಷಿನ್ ಬಿಡಿ, ಪಟ್ಟಿ ನೋಡಿ

ಮೆಷಿನ್ ಆರಿಸುವುದಕ್ಕೆ ತುಂಬ ತಲೆ ಕೆಡಿಸಿಕೊಳ್ಳಬೇಡಿ. ತೋಳಿಗೆ ಕಟ್ಟುವಂಥದ್ದು ತಗೊಳ್ಳಿ. ಮಣಿಕಟ್ಟಿಗೆ ಕಟ್ಟುವ ಚಿಕ್ಕ ಮೆಷಿನ್ ನೋಡಲು ಚಂದ, ಆದರೆ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅದರ ಲೆಕ್ಕ ತಪ್ಪುತ್ತದೆ. ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ಬಿಪಿ ಕಾಣುವುದೇ ಇಲ್ಲ, ಅದು ಆಕ್ಸಿಜನ್ ಮತ್ತು ನಾಡಿ ತೋರಿಸುವುದು. ಬ್ಲೂಟೂತ್, ಆಪ್ ಇದ್ದರೆ ಇರಲಿ, ಇಲ್ಲದಿದ್ದರೆ ನಷ್ಟ ಇಲ್ಲ.

ನೋಡಬೇಕಾದದ್ದು ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿಯ (ಕಫ್) ಅಳತೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ. ಬಟ್ಟೆ ಹೊಲಿಯುವವರ ಟೇಪ್ ತಗೊಂಡು ಭುಜಕ್ಕೂ ಮೊಣಕೈಗೂ ಸರಿ ಮಧ್ಯದಲ್ಲಿ ತೋಳಿನ ಸುತ್ತಳತೆ ನೋಡಿ. ಮೆಷಿನ್ ಜೊತೆಗೆ ಬರುವ ಮಾಮೂಲಿ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಆಗುವಂಥದ್ದು. ಅದಕ್ಕಿಂತ ದಪ್ಪ ತೋಳಾದರೆ ದೊಡ್ಡ ಪಟ್ಟಿ ಬೇರೆ ಕೇಳಿ ತರಿಸಬೇಕು. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇಕಡಾ 80ರಷ್ಟಾದರೂ ಸುತ್ತಿಕೊಳ್ಳಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಸಣಕಲು ತೋಳಿಗೆ ದೊಡ್ಡದು ಕಟ್ಟಿದರೆ ಇದ್ದ ಬಿಪಿ ಕಡಿಮೆ ಕಾಣಿಸುತ್ತದೆ.

ಮನೆಮನೆಗೆ ಮೀನು ತರುವ ಒಬ್ಬರು ಅಕ್ಕ ಇದ್ದಾರೆ. ವರ್ಷಗಟ್ಟಲೆ ಬುಟ್ಟಿ ಎತ್ತಿ ಇಳಿಸಿದ ತೋಳು. ಟೇಪ್ ಹಿಡಿದರೆ 35 ಸೆಂಟಿಮೀಟರ್. ಮಾಮೂಲಿ ಪಟ್ಟಿಯಲ್ಲಿ ಮೇಲಿನ ನಂಬರು (168/94 ಅಂದರೆ ಅದರಲ್ಲಿ 168) 156 ಬರುತ್ತಿತ್ತು, ದೊಡ್ಡ ಪಟ್ಟಿಯಲ್ಲಿ 144 ಬಂತು. 144 ಕೂಡ ಜಾಸ್ತಿಯೇ, ಡಾಕ್ಟರ ಹತ್ತಿರ ಹೋಗಲೇಬೇಕು. ಆದರೂ 156ಕ್ಕೂ 144ಕ್ಕೂ ಕೊಡುವ ಮದ್ದು ಒಂದೇ ಆಗಿರಬೇಕು ಅಂತ ಇಲ್ಲ, ಅಲ್ವಾ?

ಪಟ್ಟಿ ಕಟ್ಟುವುದು ಬರಿ ತೋಳಿಗೆ. ನೈಟಿಯ ಮೇಲಿಂದ, ಸ್ವೆಟರಿನ ಮೇಲಿಂದ ಅಲ್ಲ. ತೋಳನ್ನು ಮೇಲೆ ಮಡಚಿದಾಗ ಬಟ್ಟೆ ಬಿಗಿಯಾಗಿ ಹಗ್ಗದ ಹಾಗೆ ಕೂತರೆ ಅದೂ ಆಗುವುದಿಲ್ಲ, ಕೈಯನ್ನೇ ಹೊರಗೆ ತೆಗೆಯಿರಿ. ಮೊಣಕೈ ಮಡಚುವ ಗೆರೆ ಉಂಟಲ್ಲ, ಅದರಿಂದ ಎರಡು ಬೆರಳು ಮೇಲೆ ಪಟ್ಟಿಯ ಅಂಚು ಇರಲಿ. ಆ ಗೆರೆಯಲ್ಲಿ ಎದೆಯ ಕಡೆಗಿರುವ ಬದಿಯಲ್ಲಿ ಬೆರಳಿಟ್ಟು ಒತ್ತಿದರೆ ನಾಡಿ ಬಡಿಯುವುದು ಸಿಗುತ್ತದೆ. ಪಟ್ಟಿಯ ಮೇಲೆ ಬಾಣದ ಗುರುತು ಇರುತ್ತದೆ, ಅದು ಆ ಜಾಗದ ನೇರಕ್ಕೆ ಬರಬೇಕು. ಕಟ್ಟಿದ ಮೇಲೆ ಪಟ್ಟಿಯ ಅಡಿಗೆ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು.

ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿದ, ಅಂದರೆ ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿದ ಕೈಗೆ ಪಟ್ಟಿ ಕಟ್ಟಲೇಬಾರದು. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ ಕಂಕುಳಿನ ಗಂಟು ತೆಗೆದಿದ್ದರೆ ಆ ಬದಿಯ ಕೈಯೂ ಬೇಡ.

ಕೂರುವುದೇ ಅರ್ಧ ಕೆಲಸ

ಬಿಪಿ ನೋಡುವ ಅರ್ಧ ಗಂಟೆ ಮೊದಲಿನಿಂದ ಚಾ, ಕಾಫಿ, ಬೀಡಿ, ಸಿಗರೇಟು, ವಾಕಿಂಗ್, ಊಟ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ತಡೆದುಕೊಂಡು ಕೂತರೆ ಮೇಲಿನ ನಂಬರು ಹತ್ತು ಹದಿನೈದು ಏರುತ್ತದೆ. ನಾಚಿಕೊಂಡು ಹೇಳದೆ ಕೂರುವವರು ತುಂಬ ಜನ, ಮುಖ ನೋಡಿದರೇ ಗೊತ್ತಾಗುತ್ತದೆ.

ಬೆನ್ನಿಗೆ ಆಧಾರ ಇರುವ ಕುರ್ಚಿ ಬೇಕು. ಮಂಚದ ಅಂಚು, ಸ್ಟೂಲು, ಜಗಲಿಯ ಚಿಟ್ಟೆ (ಕಟ್ಟೆ) ಆಗುವುದಿಲ್ಲ. ಬೆನ್ನಿಗೆ ಆಧಾರ ಇಲ್ಲದಿದ್ದರೂ ಬಿಪಿ ಏರುತ್ತದೆ, ಕಾಲ ಮೇಲೆ ಕಾಲು ಹಾಕಿದರೂ ಏರುತ್ತದೆ. ಎರಡೂ ಪಾದ ನೆಲಕ್ಕೆ ತಾಗಿರಬೇಕು. ನಮ್ಮ ಕುಳ್ಳ ಅಜ್ಜಿಯಂದಿರಿಗೆ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ನೇತಾಡುತ್ತದೆ. ಅವರಿಗೆ ಒಂದು ಮಣೆ ಕೊಡಿ. ಊಟದ ಮಣೆ ಈಗ ಹೇಗೂ ಅಟ್ಟದಲ್ಲೇ ಉಂಟು, ಇದಕ್ಕಾದರೂ ಕೆಳಗೆ ಬರಲಿ.

ಇನ್ನು ಕೈ. ಕೈಯನ್ನು ಮೇಜಿನ ಮೇಲೆ ಇಡಬೇಕು, ಅಂಗೈ ಮೇಲೆ ಮಾಡಿ, ಸಡಿಲ ಬಿಟ್ಟು. ಪಟ್ಟಿಯ ಮಧ್ಯ ಹೃದಯದ ಎತ್ತರಕ್ಕೆ, ಅಂದರೆ ಎದೆಮೂಳೆಯ ನಡುವಿನ ಮಟ್ಟಕ್ಕೆ ಬರಬೇಕು. ಊಟದ ಮೇಜಾದರೆ ಹೆಚ್ಚಾಗಿ ಸರಿ ಬರುತ್ತದೆ. ಸೋಫಾದ ಮುಂದಿನ ಟೀಪಾಯಿ ತಗ್ಗು, ಅದರಲ್ಲಿ ಕೈ ಕೆಳಗೆ ಹೋಗುತ್ತದೆ. ದಿಂಬು ಇಟ್ಟು ಎತ್ತರಿಸಿ.

ಇದನ್ನು ಯಾರೂ ನಂಬುವುದಿಲ್ಲ. ಹಾಗಾಗಿ ಮಾಡಿಯೇ ನೋಡಿ. ಕೈ ಮೇಜಿನ ಮೇಲಿಟ್ಟು ಒಮ್ಮೆ ನೋಡಿ, ಬರೆದಿಡಿ. ಒಂದೆರಡು ನಿಮಿಷ ಬಿಟ್ಟು ಅದೇ ಕೈಯನ್ನು ಪಕ್ಕದಲ್ಲಿ ನೇತಾಡಿಸಿ ನೋಡಿ. ಮೇಲಿನದ್ದೂ ಕೆಳಗಿನದ್ದೂ ಎರಡೂ ಏರಿರುತ್ತದೆ. ಟೆರೇಸಿನಲ್ಲಿ ಟ್ಯಾಂಕಿ ಇದ್ದ ಮನೆಯಲ್ಲಿ ಮೇಲಿನ ಮಹಡಿಯ ನಲ್ಲಿಗಿಂತ ಅಂಗಳದ ನಲ್ಲಿಯಲ್ಲಿ ನೀರು ಜೋರು ಬರುತ್ತದಲ್ಲ, ಇಲ್ಲಿಯೂ ಲೆಕ್ಕ ಅದೇ. ರಕ್ತಕ್ಕೂ ತೂಕ ಉಂಟು. ಪಟ್ಟಿ ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಸುಮಾರು 7–8 ಜಾಸ್ತಿ ತೋರಿಸುತ್ತದೆ. ಅಷ್ಟೇ ಮೇಲಿದ್ದರೆ ಅಷ್ಟೇ ಕಡಿಮೆ. ಮಾತ್ರೆ ಬೇಕೋ ಬೇಡವೋ ಅನ್ನುವ ಗಡಿಯಲ್ಲಿ ಇರುವವರಿಗೆ ಈ ಏಳೆಂಟು ದೊಡ್ಡ ವಿಷಯ.

ಕೂತು ಐದು ನಿಮಿಷ ಸುಮ್ನೆ ಇರಿ. ಸುಮ್ನೆ ಅಂದರೆ ಟಿವಿ ಇಲ್ಲ, ಮೊಬೈಲ್ ಇಲ್ಲ, ಮಾತಿಲ್ಲ. ನಮ್ಮೂರಿನವರಿಗೆ ಅತಿ ಕಷ್ಟದ ಭಾಗ ಇದು. ಪಟ್ಟಿಗೆ ಗಾಳಿ ತುಂಬುತ್ತಾ ಇರುತ್ತದೆ, ಆಗಲೇ ಜಾಗದ ಪಾಲಿನ ಕೇಸು ನೆನಪಾಗುತ್ತದೆ. "ಅಲ್ಲ ಸಿಸ್ಟರಕ್ಕ, ನನ್ನ ಅಣ್ಣ ಮಾಡಿದ್ದು ನೋಡಿ..." ಅಂತ ಶುರು. ಮಾತಾಡಿದರೆ ಮೇಲಿನ ನಂಬರು ಹತ್ತರಷ್ಟು ಏರುತ್ತದೆ. ಅಣ್ಣನ ಸುದ್ದಿಯಾದರೆ ಇನ್ನೂ ಜಾಸ್ತಿಯೇ ಇರಬಹುದು. ನಾನು ಬಾಯಿಗೆ ಬೆರಳಿಟ್ಟು ತೋರಿಸುತ್ತೇನೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದೂ ಮಾತೇ. ಹಾಗಾಗಿ ಪಕ್ಕದಲ್ಲಿ ನಿಂತವರು "ಎಷ್ಟು ಬಂತು, ಎಷ್ಟು ಬಂತು" ಅಂತ ಕೇಳಬಾರದು.

ಪಟ್ಟಿಯ ಒಳಗೆ ಏನಾಗುತ್ತದೆ

ನಾವು ನರ್ಸಿಂಗ್ ಕಲಿಯುವಾಗ ಇದ್ದದ್ದು ಪಾದರಸದ ಉಪಕರಣ. ಕಬ್ಬಿಣದ ಡಬ್ಬಿ, ಗಾಜಿನ ಕೊಳವೆ, ಕಿವಿಗೆ ಸ್ಟೆತೊಸ್ಕೋಪ್. ಪಟ್ಟಿಗೆ ಗಾಳಿ ತುಂಬಿ ತೋಳಿನ ರಕ್ತನಾಳವನ್ನು ಪೂರ್ತಿ ಒತ್ತಿ ಮುಚ್ಚುವುದು. ಆಗ ಏನೂ ಕೇಳಿಸುವುದಿಲ್ಲ. ಸ್ಕ್ರೂ ಸಡಿಲಿಸಿ ಗಾಳಿ ನಿಧಾನ ಬಿಟ್ಟರೆ ಒಂದು ಹಂತದಲ್ಲಿ ರಕ್ತ ನುಗ್ಗಿ "ಟಪ್" ಅಂತ ಮೊದಲ ಸದ್ದು ಬರುತ್ತದೆ. ಅದು ಮೇಲಿನ ನಂಬರು. ಟಪ್ ಟಪ್ ಮುಂದುವರಿದು, ಮಂಕಾಗಿ, ಪೂರ್ತಿ ನಿಲ್ಲುವ ಜಾಗ ಕೆಳಗಿನ ನಂಬರು. ತೋಳಿನ ಪಟ್ಟಿಯನ್ನು 1896ರಲ್ಲಿ ತಂದವರು ಇಟಲಿಯ ರಿವಾ-ರೊಚ್ಚಿ. ಸದ್ದು ಕೇಳಿ ಎರಡೂ ನಂಬರು ಹಿಡಿಯುವುದನ್ನು 1905ರಲ್ಲಿ ತಿಳಿಸಿದವರು ರಷ್ಯಾದ ಡಾಕ್ಟರ್ ಕೊರೊಟ್ಕಾಫ್.

ಅದಕ್ಕೂ ಮೊದಲು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಅನ್ನುವ ಪಾದ್ರಿ ಒಂದು ಕುದುರೆಯ ರಕ್ತನಾಳಕ್ಕೆ ಉದ್ದದ ಗಾಜಿನ ಕೊಳವೆ ಸಿಕ್ಕಿಸಿ ನೋಡಿದ್ದರು. ರಕ್ತ ಎಂಟು ಅಡಿಗಿಂತ ಮೇಲೆ ಏರಿತ್ತು. ಅವರು ಅದನ್ನು ಪ್ರಕಟಿಸಿದ್ದು 1733ರಲ್ಲಿ. ಕುದುರೆಯ ಪಾಡು ಕೇಳಬೇಡಿ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಹಾಗಾಗಿ ಕೊಳವೆ ಗಿಡ್ಡ ಸಾಕು. ಬಿಪಿ 120 ಅಂದರೆ ಪಾದರಸವನ್ನು 120 ಮಿಲಿಮೀಟರ್ ಎತ್ತಿ ಹಿಡಿಯುವಷ್ಟು ಒತ್ತಡ. ಅದೇ ಒತ್ತಡಕ್ಕೆ ನೀರಾದರೆ ಒಂದೂವರೆ ಮೀಟರಿಗಿಂತ ಮೇಲೆ ನಿಲ್ಲುತ್ತದೆ. ಒಂದು ಮುಷ್ಟಿ ಗಾತ್ರದ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ದೂಡುತ್ತದೆ, ದಿನಕ್ಕೆ ಹತ್ತಿರ ಹತ್ತಿರ 1 ಲಕ್ಷ ಸಲ. ಒತ್ತಡ ಜಾಸ್ತಿ ಇದ್ದರೆ ಅಷ್ಟೂ ಸಲ ರಕ್ತನಾಳದ ಗೋಡೆಗೆ ಜಾಸ್ತಿ ಪೆಟ್ಟು.

ಈಗಿನ ಮೆಷಿನ್‌ಗೆ ಕಿವಿ ಇಲ್ಲ, ಅದು ಸದ್ದು ಕೇಳುವುದಿಲ್ಲ. ಪಟ್ಟಿಯ ಗಾಳಿಯಲ್ಲಿ ನಾಡಿಯಿಂದ ಆಗುವ ಸಣ್ಣ ಅದುರುವಿಕೆಯನ್ನು ಹಿಡಿದು, ಅದು ಎಲ್ಲಿ ಅತಿ ಜೋರು ಅಂತ ನೋಡಿ, ಅದರಿಂದ ಮೇಲಿನದ್ದನ್ನೂ ಕೆಳಗಿನದ್ದನ್ನೂ ಲೆಕ್ಕ ಹಾಕುತ್ತದೆ. ಕೈ ಅಲುಗಿಸಿದರೆ, ಮುಷ್ಟಿ ಬಿಗಿ ಹಿಡಿದರೆ ಆ ಅದುರುವಿಕೆಯನ್ನೂ ಅದು ನಾಡಿ ಅಂತಲೇ ತಿಳಿಯುತ್ತದೆ. "ಎರರ್" ಬಂದರೆ ಮೆಷಿನ್ ಹಾಳಾಯಿತು ಅಂತ ಅಂಗಡಿಗೆ ಓಡಬೇಡಿ, ಹೆಚ್ಚಾಗಿ ಕೈ ಅಲುಗಿರುತ್ತದೆ. ಹೃದಯದ ಬಡಿತದ ತಾಳವೇ ತಪ್ಪಿದವರಿಗೆ ಒಂದೊಂದು ಸಲ ಒಂದೊಂದು ನಂಬರು ಬರುತ್ತದೆ. ಅಂಥವರು ಮೂರು ಸಲ ನೋಡಿ ಸರಾಸರಿ ತೆಗೆಯಬೇಕು. ಕೆಲವು ಮೆಷಿನ್‌ನಲ್ಲಿ ಆಗ ಒಂದು ಹೃದಯದ ಗುರುತು ಮಿನುಗುತ್ತದೆ. ಅದು ಮತ್ತೆ ಮತ್ತೆ ಬಂದರೆ ಡಾಕ್ಟರಿಗೆ ಹೇಳಿ ಒಂದು ಇಸಿಜಿ ತೆಗೆಸಿ.

ಒಂದು ವಾರದ ಪುಸ್ತಕ

ಇನ್ನು ನೋಡುವ ಕ್ರಮ. ಬೆಳಗ್ಗೆ ಎದ್ದು, ಮೂತ್ರಕ್ಕೆ ಹೋಗಿ, ತಿಂಡಿ ಮತ್ತು ಬಿಪಿ ಮಾತ್ರೆಗೆ ಮೊದಲು ನೋಡಿ. ಮಾತ್ರೆ ತಗೊಂಡ ಮೇಲೆ ನೋಡಿದರೆ ಅದು ಹೊಸದಾಗಿ ಕೆಲಸ ಶುರು ಮಾಡಿದ್ದು ಕಾಣುತ್ತದೆ. ನಮಗೆ ಬೇಕಾದ್ದು ನಿನ್ನೆಯ ಮಾತ್ರೆ ಇವತ್ತು ಬೆಳಗಿನ ತನಕ ಹಿಡಿದಿದೆಯೋ ಇಲ್ಲವೋ ಅನ್ನುವುದು. ಸಂಜೆ ರಾತ್ರಿ ಊಟಕ್ಕೆ ಮೊದಲು ಇನ್ನೊಮ್ಮೆ. ಪ್ರತಿ ಸಲ ಎರಡು ಬಾರಿ, ನಡುವೆ ಒಂದು ನಿಮಿಷ ಬಿಡಿ. ಎರಡನ್ನೂ ಬರೆಯಿರಿ. ಚಂದ ಕಂಡದ್ದನ್ನು ಮಾತ್ರ ಬರೆಯುವುದಲ್ಲ.

ಹೀಗೆ ಏಳು ದಿನ. ಮೊದಲ ದಿನದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರಲ್ಲಿ ಹೊಸ ಮೆಷಿನ್‌ನ ಹೆದರಿಕೆ ಇರುತ್ತದೆ. ಉಳಿದ ಆರು ದಿನದ 24 ನಂಬರುಗಳ ಸರಾಸರಿ ನಿಮ್ಮ ಬಿಪಿ. ಶಾಲೆ ಮಕ್ಕಳ ಗೆರೆ ಪುಸ್ತಕ ಒಂದಿದ್ದರೆ ಸಾಕು. ತಾರೀಕು, ಹೊತ್ತು, ಮೇಲಿನದ್ದು, ಕೆಳಗಿನದ್ದು, ನಾಡಿ. ಕೊನೆಯಲ್ಲಿ ಸ್ವಲ್ಪ ಜಾಗ ಬಿಡಿ, ಅಲ್ಲಿ ಆ ದಿನದ ಸುದ್ದಿ ಬರೆಯಿರಿ. "ರಾತ್ರಿ ಇಡೀ ಯಕ್ಷಗಾನದ ಆಟ ನೋಡಿದ್ದು", "ಮದುವೆ ಊಟ", "ಮಾತ್ರೆ ಮರೆತುಹೋಯ್ತು". ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ತನಕ ನಮ್ಮ ಕಡೆ ಒಂದಲ್ಲ ಒಂದು ಕಡೆ ಮೇಳದ ಆಟ ಇರುತ್ತದೆ, ನಿದ್ದೆಗೆಟ್ಟ ಮರುದಿನ ಬಿಪಿ ಏರುವುದು ಸಹಜ. ಸುದ್ದಿ ಬರೆದಿಟ್ಟರೆ ಡಾಕ್ಟರಿಗೂ ಗೊತ್ತಾಗುತ್ತದೆ, ನಿಮಗೂ.

ಶುರುವಿನ ದಿನ ಎರಡೂ ಕೈ ನೋಡಿ. ಸ್ವಲ್ಪ ವ್ಯತ್ಯಾಸ ಎಲ್ಲರಿಗೂ ಇರುತ್ತದೆ. ಯಾವ ಕೈಯಲ್ಲಿ ಜಾಸ್ತಿ ಬರುತ್ತದೋ ಮುಂದೆ ಯಾವಾಗಲೂ ಅದೇ ಕೈ. ವ್ಯತ್ಯಾಸ ಪ್ರತಿ ಸಲವೂ 10ಕ್ಕಿಂತ ಮೇಲಿದ್ದರೆ ಡಾಕ್ಟರಿಗೆ ಹೇಳಿ, ಕೈಯ ರಕ್ತನಾಳದಲ್ಲಿ ತೊಂದರೆ ಇರಬಹುದು.

ವಯಸ್ಸಾದವರಿಗೆ, ಶುಗರ್ ಇದ್ದವರಿಗೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ ಅನ್ನುವವರಿಗೆ ಇನ್ನೊಂದು ಪರೀಕ್ಷೆ. ಕೂತು ನೋಡಿದ ಮೇಲೆ ಎದ್ದು ನಿಲ್ಲಿಸಿ, ಒಂದನೇ ನಿಮಿಷಕ್ಕೊಮ್ಮೆ, ಮೂರನೇ ನಿಮಿಷಕ್ಕೊಮ್ಮೆ ನೋಡಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಇರಲಿ. ಮೇಲಿನದ್ದು 20 ಅಥವಾ ಕೆಳಗಿನದ್ದು 10 ಇಳಿದರೆ ಅದನ್ನು ಪುಸ್ತಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ. ನಮ್ಮ ಕಡೆ ಮಾರ್ಚ್–ಮೇ ಬೆವರಿನ ಕಾಲ. ಮೂತ್ರ ಹೋಗುವ ಮಾತ್ರೆ ತಗೊಳ್ಳುವವರಿಗೆ ಆಗ ಹೀಗೆ ಇಳಿಯುವುದು ಜಾಸ್ತಿ. ಡಾಕ್ಟರು ಡೋಸು ಬದಲಿಸಬೇಕಾಗಬಹುದು, ನೀವಾಗಿ ಬದಲಿಸಬೇಡಿ.

ನಂಬರು ಓದುವುದು

ಆಸ್ಪತ್ರೆಯಲ್ಲಿ 140/90 ಮತ್ತು ಅದಕ್ಕಿಂತ ಮೇಲೆ ಬೇರೆ ಬೇರೆ ದಿನ ಬಂದರೆ ಬಿಪಿ ಉಂಟು ಅನ್ನುತ್ತಾರೆ. ಮನೆಯಲ್ಲಿ ನೋಡಿದ ಸರಾಸರಿಗೆ ಗಡಿ ಸ್ವಲ್ಪ ಕೆಳಗೆ, 135/85. ಅಮೆರಿಕದ ವೈದ್ಯರು 2017ರಲ್ಲಿ ಗಡಿಯನ್ನು 130/80ಕ್ಕೆ ಇಳಿಸಿದರು, ಹಾಗಾಗಿ ಇಂಟರ್ನೆಟ್ಟಿನಲ್ಲಿ ಬೇರೆ ಬೇರೆ ನಂಬರು ಕಾಣುತ್ತದೆ. ನಿಮಗೆ ಎಷ್ಟು ಇರಬೇಕು ಅನ್ನುವುದು ನಿಮ್ಮ ವಯಸ್ಸು, ಶುಗರ್, ಕಿಡ್ನಿ ನೋಡಿ ಡಾಕ್ಟರು ಹೇಳುವುದು.

ಬಿಳಿ ಕೋಟು ಕಂಡರೇ ಬಿಪಿ ಏರುವವರು ಇದ್ದಾರೆ. ಆಸ್ಪತ್ರೆಯಲ್ಲಿ 150, ಮನೆಯಲ್ಲಿ 125. ಉಲ್ಟಾ ಇರುವವರೂ ಇದ್ದಾರೆ. ಆಸ್ಪತ್ರೆಯಲ್ಲಿ ಎಲ್ಲ ಚಂದ, ಮನೆಯಲ್ಲಿ ದಿನವೂ ಜಾಸ್ತಿ. ನನಗೆ ಹೆದರಿಕೆ ಇರುವುದು ಈ ಎರಡನೆಯವರ ಬಗ್ಗೆ. ಯಾರ ಕಣ್ಣಿಗೂ ಬೀಳದೆ ಇವರ ರಕ್ತನಾಳ ಹಾಳಾಗುತ್ತಾ ಹೋಗುತ್ತದೆ. ಇವರನ್ನು ಹಿಡಿಯುವುದು ಮನೆಯ ಪುಸ್ತಕ.

"ವಯಸ್ಸಿಗೆ ನೂರು ಕೂಡಿಸಿದರೆ ಬಿಪಿ ಸರಿ" ಅಂತ ಹಳಬರು ಒಂದು ಲೆಕ್ಕ ಹೇಳುತ್ತಾರೆ. ಎಪ್ಪತ್ತು ವರ್ಷದವರಿಗೆ 170 ಸರಿಯಂತೆ! ಸರಿ ಅಲ್ಲ. "ನಂಗೆ ತಲೆನೋವೇ ಇಲ್ಲ, ಎಂತ ಬಿಪಿ?" ಅನ್ನುವುದು ಇನ್ನೊಂದು. ಹೆಚ್ಚಿನವರಿಗೆ ಬಿಪಿಯಿಂದ ಏನೂ ಗೊತ್ತಾಗುವುದೇ ಇಲ್ಲ. "ಮಾತ್ರೆ ಒಮ್ಮೆ ಶುರು ಮಾಡಿದ್ರೆ ಬಿಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ಶುರುವೇ ಮಾಡುದಿಲ್ಲ" ಅನ್ನುವವರ ಹತ್ತಿರ ನಾನು ವಾದ ಮಾಡುವುದಿಲ್ಲ. ಬಿಡಲಿಕ್ಕಾಗದೆ ಇರುವುದು ಮಾತ್ರೆಯ ಚಟದಿಂದ ಅಲ್ಲ, ಬಿಪಿ ಅಲ್ಲೇ ಇರುವುದರಿಂದ ಅಂತ ಮಾತ್ರ ಹೇಳುತ್ತೇನೆ. ವಾರದ ಪುಸ್ತಕ ಚಂದ ಬಂತು ಅಂತ ಮಾತ್ರೆ ನಿಲ್ಲಿಸುವವರಿಗೂ ಅದೇ ಮಾತು. ಚಂದ ಬಂದದ್ದು ಮಾತ್ರೆಯಿಂದ.

ಒಮ್ಮೆಲೇ 180/120 ಅಥವಾ ಅದಕ್ಕಿಂತ ಮೇಲೆ ಬಂದರೆ? ಪಟ್ಟಿ ಬಿಚ್ಚಿ, ಐದು ನಿಮಿಷ ಕೂತು ಇನ್ನೊಮ್ಮೆ ನೋಡಿ. ಮತ್ತೂ ಅಷ್ಟೇ ಇದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಪಕ್ಕದ ಮನೆಯವರ ಮಾತ್ರೆ ಬೇಡ, ನಿಮ್ಮದೇ ಇನ್ನೊಂದು ಮಾತ್ರೆಯೂ ಬೇಡ. ಹಿಂದೆ ನಾಲಗೆಯ ಅಡಿಗೆ ಕ್ಯಾಪ್ಸೂಲ್ ಒಡೆದು ಹಾಕಿ ಬಿಪಿ ಇಳಿಸುವ ಕ್ರಮ ಇತ್ತು. ಬಿಪಿ ಒಮ್ಮೆಲೇ ಕುಸಿದು ಮೆದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಹೋಗುತ್ತದೆ ಅಂತ ಅದನ್ನು ಬಿಟ್ಟರು. ಎದೆನೋವು, ಉಸಿರುಕಟ್ಟುವುದು, ಬಾಯಿ ಸೊಟ್ಟ ಆಗುವುದು, ಒಂದು ಕೈ ಕಾಲು ಬಲ ಇಲ್ಲದಿರುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಎರಡನೇ ಸಲ ನೋಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಬಿಪಿ ನಂಬರು ಚಂದ ಇದ್ದರೂ ಈ ತೊಂದರೆಗಳಿದ್ದರೆ 108 ಬೇಕೇ ಬೇಕು. "ಗ್ಯಾಸ್ಟ್ರಿಕ್ ಇರಬೇಕು" ಅಂತ ಸೋಡಾ ಕುಡಿಸಿ ಬೆಳಗಿನ ತನಕ ಕಾದು ತಂದವರನ್ನು ಕ್ಯಾಶುವಲ್ಟಿಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ನಂಬರು ಏರಿಸುವ ಕೆಲವು ಸಂಗತಿ

ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ, ಕಿಡ್ನಿಗೂ ಒಳ್ಳೆಯದಲ್ಲ. ಕಟ್ಟಿದ ಮೂಗು ಬಿಡಿಸುವ ಕೆಲವು ಶೀತದ ಮಾತ್ರೆಗಳೂ ಹಾಗೇ. ಬಿಪಿಗೆ ಎಂತೆಂಥ ಮಾತ್ರೆ ತಗೊಳ್ಳುತ್ತೀರಿ ಅಂತ ಹೇಳುವಾಗ ಇವನ್ನೂ ಹೇಳಬೇಕು. "ಅದು ನೋವಿನ ಮಾತ್ರೆ ಅಲ್ವಾ, ಅದನ್ನು ಯಾಕೆ ಹೇಳ್ಬೇಕು?" ಅಂತ ಕೇಳುತ್ತಾರೆ.

ಉಪ್ಪು ಇಡೀ ದಿನಕ್ಕೆ 5 ಗ್ರಾಮಿನ ಒಳಗೆ ಇರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಒಂದು ಟೀ ಚಮಚದಷ್ಟು, ಸಾರು ಪಲ್ಯ ಎಲ್ಲ ಸೇರಿ. ನಮ್ಮ ಕಡೆ ಉಪ್ಪು ಬರುವುದು ಸಾರಿನಿಂದ ಅಲ್ಲ. ಮಳೆಗಾಲದಲ್ಲಿ ಬೆಳಗ್ಗೆ ಗಂಜಿ, ಮಧ್ಯಾಹ್ನ ಗಂಜಿ. ಗಂಜಿಗೆ ಉಪ್ಪಿನಕಾಯಿ, ಒಣಮೀನು ಚಟ್ನಿ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಪ್ಪಳ. ಗಂಜಿಯದ್ದೇನೂ ತಪ್ಪಿಲ್ಲ. ಉಪ್ಪುಸೊಳೆಯನ್ನು ನೀರು ಬದಲಿಸಿ ಬದಲಿಸಿ ನೆನೆಸಿ ಹಿಂಡಿದರೆ ಉಪ್ಪು ಎಷ್ಟೋ ಇಳಿಯುತ್ತದೆ. ಒಣಮೀನನ್ನೂ ಹಾಗೇ ತೊಳೆಯಬಹುದು. ಉಪ್ಪಿನಕಾಯಿಯ ಬದಲಿಗೆ ಹುರುಳಿ ಚಟ್ನಿ ಮಾಡಿ, ಉಪ್ಪು ನಿಮ್ಮ ಕೈಯಲ್ಲೇ ಇರುತ್ತದೆ. "ಕಡಿಮೆ ಸೋಡಿಯಂ" ಅಂತ ಪ್ಯಾಕೆಟಿನಲ್ಲಿ ಸಿಗುವ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟಾನ್ ಥರದ ಬಿಪಿ ಮಾತ್ರೆ ತಗೊಳ್ಳುವವರು ಡಾಕ್ಟರಲ್ಲಿ ಕೇಳದೆ ಅದನ್ನು ಬಳಸಬಾರದು.

ಮೆಷಿನ್ ಕೊಳ್ಳಲು ಆಗದವರು ಸುಮ್ನೆ ಕೂರಬೇಕಾಗಿಲ್ಲ. 30 ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಅಂತ ಹೇಳುತ್ತಾರೆ. ಮಾತ್ರೆ ಜನೌಷಧಿ ಅಂಗಡಿಯಲ್ಲಿ ಅಗ್ಗ, ಅದೇ ಹೆಸರಿನ ಮದ್ದು. ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುವಾಗಲೂ ಕೂರುವ ಕ್ರಮ ಇದೇ. ಸಾಲಿನಲ್ಲಿ ನಿಂತು ದಣಿದಿದ್ದರೆ, "ಸಿಸ್ಟರ್, ಸ್ವಲ್ಪ ಕೂತು ಆಮೇಲೆ ತೋರಿಸ್ತೇನೆ" ಅಂತ ಹೇಳಿ. ಯಾರೂ ಬೈಯುವುದಿಲ್ಲ.

ಮೆಷಿನ್ ಇಡುವ ಜಾಗ ಒಂದು ಹೇಳಲು ಬಾಕಿ. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿಗೂ ಬೂಸು ಬರುತ್ತದೆ. ಬ್ಯಾಟರಿ ಒಳಗೇ ಬಿಟ್ಟರೆ ತುಕ್ಕು ಹಿಡಿದು ಹಸಿರು ಪುಡಿ ಬರುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ. ಪಟ್ಟಿಯನ್ನು ಸಡಿಲವಾಗಿ ಸುತ್ತಿ, ನಳಿಗೆ ಮಡಚದೆ ಡಬ್ಬಿಯಲ್ಲಿಡಿ. ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗುವಾಗ ಮೆಷಿನ್ ಜೊತೆಗೆ ಒಯ್ಯಿರಿ. ಅವರ ಉಪಕರಣದಲ್ಲಿ ಒಮ್ಮೆ, ನಿಮ್ಮದರಲ್ಲಿ ಒಮ್ಮೆ, ಅದೇ ಕೈಯಲ್ಲಿ ನೋಡಿಸಿ. ವ್ಯತ್ಯಾಸ ಐದರ ಒಳಗಿದ್ದರೆ ನಿಮ್ಮದು ಸರಿ ಉಂಟು. ಹತ್ತು ದಾಟಿದರೆ ಮೊದಲು ಪಟ್ಟಿಯನ್ನೂ ನಳಿಗೆಯನ್ನೂ ನೋಡಿ. ಗಾಳಿ ಸೋರುವುದು ಅಲ್ಲೇ, ಮತ್ತು ಹೆಚ್ಚಿನ ಕಂಪನಿಗಳ ಪಟ್ಟಿ ಬೇರೆಯಾಗಿಯೂ ಸಿಗುತ್ತದೆ.